ಲಾಂಗ್ ಬೀಚ್ ರೇಸ್ ವಾರಾಂತ್ಯಕ್ಕೆ ನಮ್ಮ ಎರಡು ಸೀಟಿನ ಕಾರನ್ನು ಒಯ್ಯಬೇಕೇ?

ಪ್ರಶ್ನೆ: ಇರ್ವೈನ್ ಕೇಮನ್

ಎಲ್ಲರಿಗೂ ನಮಸ್ಕಾರ. ದಕ್ಷಿಣ ಕ್ಯಾಲಿಫೋರ್ನಿಯಾದ ಇರ್ವೈನ್‌ನಲ್ಲಿ ನೆಲೆಸಿರುವ ನಾನು ಬಹುಕಾಲದ ಆಸೆಯಂತೆ ಕಳೆದ ವರ್ಷ 2014ರ ಪೋರ್ಷೆ ಕೇಮನ್ ಎಸ್ ಕಾರೊಂದನ್ನು ಅದರ ಮೊದಲ ಮಾಲೀಕರಿಂದ ಕೊಂಡೆ. ಭಾನುವಾರ ಬೆಳಗ್ಗೆ ಒರ್ಟೇಗಾ ಹೆದ್ದಾರಿಯಲ್ಲಿ ಒಂದು ಸುತ್ತು ಹೋಗಿಬರುವುದನ್ನು ಬಿಟ್ಟರೆ ಅದನ್ನು ಹೆಚ್ಚು ಹೊರಗೆ ತೆಗೆದಿಲ್ಲ. ಈಗ ನಾನು ಸೇರಿರುವ ಮಾಲೀಕರ ಕ್ಲಬ್ಬಿನಿಂದ ಒಂದು ಪ್ರಕಟಣೆ ಬಂದಿದೆ. ಏಪ್ರಿಲ್‌ನಲ್ಲಿ ಲಾಂಗ್ ಬೀಚ್ ಗ್ರ್ಯಾಂಡ್ ಪ್ರಿ ಎಂಬ ಕಾರ್ ರೇಸು ನಡೆಯುವಾಗ ಸದಸ್ಯರ ಕಾರುಗಳನ್ನೆಲ್ಲ ಒಟ್ಟಾಗಿ ನಿಲ್ಲಿಸಲು ಒಂದು ಮೀಸಲು ಅಂಗಳವಿರುತ್ತದೆಯಂತೆ. ಇಲ್ಲಿಯವರು ಅದನ್ನು ಕೊರಾಲ್ ಎನ್ನುತ್ತಾರೆ. ರೇಸಿನ ಟಿಕೆಟ್ಟನ್ನೂ ನಿಲುಗಡೆಯನ್ನೂ ಸೇರಿಸಿ ಕೊಡುತ್ತಾರೆ; ಒಂದು ದಿನಕ್ಕೂ ಪಡೆಯಬಹುದು, ಮೂರು ದಿನಕ್ಕೂ ಪಡೆಯಬಹುದು.

ಕೇಮನ್‌ಗೆ ಇರುವುದು ಎರಡೇ ಸೀಟು. ಮನೆಯಲ್ಲಿ ನಾವಿಬ್ಬರು, ಹನ್ನೊಂದು ವರ್ಷದ ಮಗಳು, ಹಾಸನದಿಂದ ಬಂದು ನಮ್ಮೊಂದಿಗೆ ಆರು ತಿಂಗಳು ಇರಲಿರುವ ತಂದೆಯವರು ಇದ್ದೇವೆ. ತಂದೆಯವರು ಸಾರಿಗೆ ಸಂಸ್ಥೆಯ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ಎಂಜಿನ್ನಿನ ಸದ್ದು ಕೇಳಿದರೆ ಈಗಲೂ ಎದ್ದು ಕಿಟಕಿಯ ಬಳಿಗೆ ಬರುತ್ತಾರೆ, ಆದರೆ ಮಂಡಿನೋವಿನಿಂದ ಬಹಳ ದೂರ ನಡೆಯಲಾರರು. ಎಲ್ಲರೂ ಹೋಗಬೇಕೆಂದರೆ ವ್ಯಾನಿನಲ್ಲೇ ಹೋಗಬೇಕು. ಕೊರಾಲ್‌ಗೆ ಹೋಗಬೇಕೆಂದರೆ ಇಬ್ಬರು ಮನೆಯಲ್ಲಿ ಉಳಿಯಬೇಕು.

ಅದಕ್ಕಿಂತ ಮುಖ್ಯವಾಗಿ ನನ್ನ ಮನಸ್ಸಿನಲ್ಲಿರುವ ಪ್ರಶ್ನೆ ಇದು. ರೇಸ್ ನೋಡಲು ಹೋಗುವವನು ತನ್ನ ಕಾರನ್ನು ನೂರಾರು ಕಾರುಗಳ ನಡುವೆ ದಿನವಿಡೀ ಬಿಸಿಲಿಗೆ ನಿಲ್ಲಿಸಿ ಬರುವುದರಿಂದ ನಿಜವಾಗಿ ದೊರೆಯುವುದೇನು? ನನಗೆ ಕಾರನ್ನು ಪ್ರದರ್ಶಿಸುವ ಹಂಬಲವಿಲ್ಲ. ಆದರೆ ಈ ಕಾರನ್ನು ಚೆನ್ನಾಗಿ ಅರಿಯಬೇಕು, ಇಂಥ ಕಾರುಗಳನ್ನು ಬಲ್ಲವರೊಂದಿಗೆ ಒಡನಾಡಬೇಕು ಎಂಬ ಆಸೆ ಖಂಡಿತ ಇದೆ. ಲಾಂಗ್ ಬೀಚ್‌ನಂಥ ನಗರದ ಬೀದಿ ಸರ್ಕ್ಯೂಟಿಗೆ ಕಾರು ಒಯ್ದು ಅನುಭವವಿರುವವರು ಯಾವ ದಿನ ಹೋಗುವುದು ಮೇಲು, ಎಲ್ಲಿ ಕೂರುವುದು ಮೇಲು, ಕಾರನ್ನು ಹೇಗೆ ಸಜ್ಜುಗೊಳಿಸಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ: ಸ್ಯಾನ್ ಡಿಯಾಗೋ ನೈನ್ ಇಲೆವೆನ್

ಕಾರನ್ನು ಒಯ್ಯಿರಿ, ಆದರೆ ಒಂದೇ ದಿನ, ಅದೂ ಶನಿವಾರ. ಭಾನುವಾರ ಎಲ್ಲರೂ ವ್ಯಾನಿನಲ್ಲಿ ಹೋಗಿ. ಇದು ನಾನು ಅನೇಕ ವರ್ಷಗಳಿಂದ ಪಾಲಿಸುತ್ತಿರುವ ಕ್ರಮ. ಅದಕ್ಕೆ ಕಾರಣಗಳನ್ನು ವಿವರವಾಗಿ ಹೇಳುತ್ತೇನೆ.

ಲಾಂಗ್ ಬೀಚ್ ವಾರಾಂತ್ಯದಲ್ಲಿ ಎರಡು ದೊಡ್ಡ ರೇಸುಗಳು ನಡೆಯುತ್ತವೆ. ಭಾನುವಾರದ್ದು ಇಂಡಿಕಾರ್, ಅಂದರೆ ಚಕ್ರಗಳು ಹೊರಗೆ ತೆರೆದಿರುವ ಒಂಟಿ ಸೀಟಿನ ಕಾರುಗಳ ಸರಣಿಯ ರೇಸು. ಮುಖ್ಯ ಆಕರ್ಷಣೆ ಅದೇ, ಜನಸಂದಣಿಯೂ ಅಂದೇ ಹೆಚ್ಚು. ಶನಿವಾರದ್ದು ಐಎಂಎಸ್‌ಎ ಎಂಬ ಅಮೆರಿಕದ ಸಂಸ್ಥೆ ನಡೆಸುವ ಸರಣಿಯ ಸ್ಪೋರ್ಟ್ಸ್ ಕಾರ್ ರೇಸು. ಡೇಟೋನಾದಲ್ಲಿ 24 ಗಂಟೆ, ಸೀಬ್ರಿಂಗ್‌ನಲ್ಲಿ 12 ಗಂಟೆ ಓಡುವ ಅದೇ ಸರಣಿ ಇಲ್ಲಿ ಕೇವಲ 100 ನಿಮಿಷ ಓಡುತ್ತದೆ. ಅಷ್ಟು ಕಡಿಮೆ ಅವಧಿಯಲ್ಲಿ ತಪ್ಪನ್ನು ಸರಿಪಡಿಸಿಕೊಳ್ಳಲು ಯಾರಿಗೂ ಸಮಯವಿರುವುದಿಲ್ಲವಾದ್ದರಿಂದ ಚಾಲಕರು ಮೊದಲ ಸುತ್ತಿನಿಂದಲೇ ಬಿರುಸಾಗಿ ಓಡಿಸುತ್ತಾರೆ. ಆ ಸರಣಿಯ ಅತಿ ವೇಗದ ವರ್ಗವಾದ ಜಿಟಿಪಿಯಲ್ಲಿ ಓಡುವ ಪೋರ್ಷೆಯ 963 ಎಂಬ ಕಾರು ತನ್ನ ಮೊಟ್ಟಮೊದಲ ಗೆಲುವನ್ನು 2023ರಲ್ಲಿ ಪಡೆದದ್ದು ಇದೇ ಬೀದಿಗಳಲ್ಲಿ. ಆದರೆ ನಿಮ್ಮಂಥವರು, ನನ್ನಂಥವರು ಕಣ್ಣಿಟ್ಟು ನೋಡಬೇಕಾದದ್ದು ಅದರ ಹಿಂದೆ ಬರುವ ಜಿಟಿಡಿ ವರ್ಗವನ್ನು. ಅಲ್ಲಿ ಓಡುವ ಪೋರ್ಷೆ 911 ಜಿಟಿ3 ಆರ್, ಕಾರ್ವೆಟ್ ಜ಼ಡ್06 ಜಿಟಿ3 ಆರ್, ಫೆರಾರಿ 296 ಜಿಟಿ3 ಮುಂತಾದವೆಲ್ಲ ರಸ್ತೆಯಲ್ಲಿ ಓಡುವ ಕಾರುಗಳಿಂದ ರೂಪುಗೊಂಡವು. ನಮ್ಮ ಅಂಗಳದಲ್ಲಿ ನಿಂತಿರುವ ಕಾರಿನ ಒಡಹುಟ್ಟು ಗೋಡೆಯ ಆಚೆ ಓಡುತ್ತಿರುತ್ತದೆ.

ಕೊರಾಲ್‌ನಿಂದ ದೊರೆಯುವುದೇನು ಎಂದು ಕೇಳಿದ್ದೀರಿ. ದೊರೆಯುವುದು ಜನ. ಬೆಳಗ್ಗೆ ಏಳೂವರೆ ಎಂಟರ ಹೊತ್ತಿಗೆ ಕಾರುಗಳು ಸಾಲಾಗಿ ಒಳಬರತೊಡಗುತ್ತವೆ. ಮೊದಲ ಅಧಿಕೃತ ಓಟ ಆರಂಭವಾಗುವವರೆಗೆ ಯಾರಿಗೂ ಆತುರವಿರುವುದಿಲ್ಲ. ಎಪ್ಪತ್ತರ ದಶಕದ 911 ಇಟ್ಟುಕೊಂಡಿರುವ ಹಿರಿಯರು ಎಂಜಿನ್ ಮುಚ್ಚಳ ಎತ್ತಿಟ್ಟು ನಿಂತಿರುತ್ತಾರೆ. ಯಾರು ಏನು ಕೇಳಿದರೂ ಸಮಾಧಾನದಿಂದ ಹೇಳುತ್ತಾರೆ. ನಿಮ್ಮದೇ ಪೀಳಿಗೆಯ ಕೇಮನ್ ಇರುವವರು ಕನಿಷ್ಠ ಕೆಲವರಾದರೂ ಸಿಗುತ್ತಾರೆ. ವಾಟರ್ ಪಂಪ್ ಯಾವಾಗ ಬದಲಿಸಿದರು, ಯಾವ ಟೈರು ಹಾಕಿದರು, ಯಾವ ಗ್ಯಾರೇಜಿನವರು ಮನಸ್ಸಿಟ್ಟು ಕೆಲಸ ಮಾಡುತ್ತಾರೆ ಎಂಬ ಮಾಹಿತಿ ಅಲ್ಲಿ ಅರ್ಧ ಗಂಟೆಯಲ್ಲಿ ಸಿಗುವಷ್ಟು ಬೇರೆಲ್ಲೂ ಸಿಗುವುದಿಲ್ಲ. ಆ ಮಾತುಕತೆಗೆ ಒಂದು ಬೆಳಗು ಸಾಕು. ಮೂರು ದಿನವೂ ಕಾರು ಒಯ್ಯುವವರು ಎರಡನೆಯ ದಿನದಿಂದ ರೇಸನ್ನು ಬಿಟ್ಟು ಕಾರು ಕಾಯುವುದರಲ್ಲೇ ಇರುವುದನ್ನು ಕಂಡಿದ್ದೇನೆ, ಹಾಗಾಗಬಾರದು.

ಈಗ ನೋಡುವ ಜಾಗದ ಮಾತು. ಸರ್ಕ್ಯೂಟಿನ ಉದ್ದ 1.968 ಮೈಲಿ, ಅಂದರೆ ಸುಮಾರು 3.17 ಕಿಲೋಮೀಟರು, ತಿರುವುಗಳು 11. ಶೋರ್‌ಲೈನ್ ಡ್ರೈವ್ ಎಂಬ ಸಮುದ್ರದಂಚಿನ ರಸ್ತೆಯಲ್ಲಿ ವೇಗವಾಗಿ ಬಂದ ಕಾರುಗಳು ಮೊದಲ ತಿರುವಿನಲ್ಲಿ ಎಡಕ್ಕೆ ಹೊರಳಿ ಅಕ್ವೇರಿಯಮ್ಮಿನ ಎದುರಿನ ಕಾರಂಜಿಯನ್ನು ಬಳಸಿಕೊಂಡು ಹೋಗುತ್ತವೆ. ಹೂವಿನ ಪಾತಿಗಳ ನಡುವಿನ ಆ ಸುತ್ತು ನೋಡಲು ಬಲು ಚೆಂದ, ಚಿತ್ರಗಳಲ್ಲೆಲ್ಲ ಬರುವುದೂ ಅದೇ. ಆದರೆ ಕಾರಿನ ಗುಣ ತಿಳಿಯಬೇಕಾದರೆ ಸೀಸೈಡ್ ವೇ ಎಂಬ ಹಿಂಬದಿಯ ಉದ್ದನೆಯ ದಾರಿ ಮುಗಿಯುವ 9ನೆಯ ತಿರುವಿನ ಬಳಿ ಕೂರಬೇಕು. ಅಲ್ಲಿ ಕಾರುಗಳು ಪೂರ್ಣ ವೇಗದಿಂದ ಒಮ್ಮೆಲೇ ಬ್ರೇಕು ಹಿಡಿಯುತ್ತವೆ. ಬೀದಿ ಸರ್ಕ್ಯೂಟಿನ ನೆಲ ರೇಸ್ ಟ್ರ್ಯಾಕಿನಂತೆ ನುಣುಪಾಗಿರುವುದಿಲ್ಲ. ನಿತ್ಯ ಲಾರಿ, ಬಸ್ಸು ಓಡಾಡಿ ಏರುತಗ್ಗಾದ, ತೇಪೆ ಬಿದ್ದ, ಬಿಳಿ ಪಟ್ಟೆ ಬಳಿದ ರಸ್ತೆ ಅದು. ಬ್ರೇಕಿನ ಹೊಡೆತಕ್ಕೆ ಮೂತಿ ತಗ್ಗಿದಾಗಲೇ ಮುಂದಿನ ಚಕ್ರ ಒಂದು ಉಬ್ಬಿನ ಮೇಲೆ ಹಾಯುತ್ತದೆ, ಕ್ಷಣಮಾತ್ರ ಟೈರು ಹಗುರಾಗಿ ತಿರುಗದೆ ಲಾಕ್ ಆಗುತ್ತದೆ, ನೀಲಿ ಹೊಗೆಯ ಒಂದು ಎಳೆ ಏಳುತ್ತದೆ, ಚಾಲಕ ಪಾದವನ್ನು ಕೂದಲೆಳೆಯಷ್ಟು ಸಡಿಲಿಸಿ ಮತ್ತೆ ಒತ್ತುತ್ತಾನೆ. 911ರ ಹಿಂಬದಿಯ ಎಂಜಿನ್ನಿನ ತೂಕ ಆಗ ಹಿಂದಿನ ಚಕ್ರಗಳನ್ನು ಹೇಗೆ ನೆಲಕ್ಕೆ ಹಿಡಿದಿಡುತ್ತದೆ, ಮಧ್ಯದಲ್ಲಿ ಎಂಜಿನ್ ಇರುವ ಫೆರಾರಿ ಅದೇ ಉಬ್ಬಿನ ಮೇಲೆ ಹೇಗೆ ಬೇರೆ ರೀತಿ ವರ್ತಿಸುತ್ತದೆ ಎಂಬುದನ್ನು ಹತ್ತಾರು ಸುತ್ತು ಅಲ್ಲೇ ಕುಳಿತು ಗಮನಿಸಿದರೆ, ನಿಮ್ಮ ಒರ್ಟೇಗಾ ಹೆದ್ದಾರಿಯ ತಿರುವುಗಳಲ್ಲಿ ನಿಮ್ಮ ಕಾರು ಏನು ಮಾಡುತ್ತಿದೆ ಎಂಬುದು ತಾನಾಗಿ ಅರ್ಥವಾಗತೊಡಗುತ್ತದೆ. ರಸ್ತೆಯ ಕಾರು ಇರುವವನಿಗೆ ಬೀದಿ ಸರ್ಕ್ಯೂಟು ಕಲಿಸುವುದು ಇದನ್ನೇ, ಏಕೆಂದರೆ ಅವನೂ ಓಡಿಸುವುದು ಇಂಥದೇ ನೆಲದ ಮೇಲೆ.

ತಂದೆಯವರಿಗಾದರೆ ಕೊನೆಯ 11ನೆಯ ತಿರುವು, ಅಂದರೆ ಬಂದ ಕಡೆಗೇ ಹೊರಳುವ ಹೇರ್‌ಪಿನ್ನು, ಸೂಕ್ತ. ಕಾರುಗಳು ಮೊದಲ ಗೇರಿಗೆ ಇಳಿದು ಹೆಚ್ಚುಕಡಿಮೆ ತೆವಳುತ್ತ ತಿರುಗಿ, ಹೊರಬರುತ್ತಿದ್ದಂತೆಯೇ ಗೇರಿನ ಮೇಲೆ ಗೇರು ಏರಿಸುತ್ತವೆ. ಒಂದೊಂದು ಎಂಜಿನ್ನಿನ ದನಿಯನ್ನೂ ಬೇರೆ ಬೇರೆಯಾಗಿ ಕೇಳಬಹುದು. ಐಎಂಎಸ್‌ಎ ತಂಡಗಳ ಪ್ಯಾಡಾಕನ್ನು, ಅಂದರೆ ಕಾರುಗಳನ್ನು ಸಜ್ಜುಗೊಳಿಸುವ ಅಂಗಳವನ್ನು, ಪ್ರೇಕ್ಷಕರಿಗೆ ತೆರೆದಿಡುವುದು ಆ ಸರಣಿಯ ಹಳೆಯ ಪದ್ಧತಿ. ಮೆಕ್ಯಾನಿಕ್‌ಗಳು ಗೇರ್‌ಬಾಕ್ಸ್ ಬಿಚ್ಚುವುದನ್ನೂ ಡ್ಯಾಂಪರ್ ಬದಲಿಸುವುದನ್ನೂ ಕೈಯಳತೆಯ ದೂರದಿಂದ ನೋಡಬಹುದು. ಆಯುಷ್ಯವಿಡೀ ಬಸ್ಸುಗಳ ಎಂಜಿನ್ ಇಳಿಸಿ ಏರಿಸಿದವರು ಅಲ್ಲಿಂದ ಬೇಗ ಹೊರಡುವುದಿಲ್ಲ ಎಂದು ನನಗೆ ಖಾತ್ರಿಯಿದೆ. ಆದ್ದರಿಂದ ಶನಿವಾರದ ಎರಡನೆಯ ಸೀಟು ಅವರದಾಗಲಿ.

ಉತ್ತರ: ಪೈನ್ ಅವೆನ್ಯೂ ನಿವಾಸಿ

ನಾನು ಆ ಸರ್ಕ್ಯೂಟಿನ ನೆರೆಯಲ್ಲೇ ಬಾಡಿಗೆಗೆ ಇರುವವಳು. ಮೇಲಿನವರು ರೇಸಿನ ಬಗ್ಗೆ ಹೇಳಿರುವುದಕ್ಕೆ ನಾನು ಸೇರಿಸಬೇಕಾದದ್ದು ಹೆಚ್ಚಿಲ್ಲ. ಕಾರಿನೊಂದಿಗೆ ಬರುವವರು ಊರಿನ ಬಗ್ಗೆ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಹೇಳಬೇಕೆನಿಸಿತು.

ರೇಸು ಮೂರೇ ದಿನವಾದರೂ ಕಾಂಕ್ರೀಟ್ ಗೋಡೆಗಳನ್ನು ತಂದು ಜೋಡಿಸುವ ಕೆಲಸ ಒಂದೂವರೆ ತಿಂಗಳಿಗೂ ಮೊದಲೇ ಆರಂಭವಾಗುತ್ತದೆ. ಒಂದೊಂದು ಬ್ಲಾಕನ್ನೂ ಕ್ರೇನಿನಲ್ಲಿ ಇಳಿಸಿ, ಅದರ ಮೇಲೆ ತಂತಿ ಬಲೆ ಕಟ್ಟಿ, ಓಡಾಡುವವರಿಗಾಗಿ ಮೇಲ್ಸೇತುವೆ ನಿಲ್ಲಿಸುತ್ತಾರೆ. ನಾವು ನಿತ್ಯ ಓಡಾಡುವ ದಾರಿಗಳು ಒಂದೊಂದಾಗಿ ಕಿರಿದಾಗುತ್ತ ಕೊನೆಯ ವಾರ ಮುಚ್ಚಿಕೊಳ್ಳುತ್ತವೆ. ಇದನ್ನು ದೂರಾಗಿ ಹೇಳುತ್ತಿಲ್ಲ. ಈ ರೇಸಿನ ಬಗ್ಗೆ ನನಗೂ ಹೆಮ್ಮೆಯಿದೆ. ಕ್ರಿಸ್ ಪುಕ್ ಎಂಬ ಪ್ರವಾಸ ಏಜೆಂಟರೊಬ್ಬರು ಮೊನಾಕೊದ ರೇಸನ್ನು ಮನಸ್ಸಿನಲ್ಲಿಟ್ಟುಕೊಂಡು, ಅಂದು ಕಳೆಗುಂದಿದ್ದ ಈ ಬಂದರು ನಗರಕ್ಕೆ ಹೊಸ ಜೀವ ತರಬೇಕೆಂದು 1975ರಲ್ಲಿ ಇದನ್ನು ಆರಂಭಿಸಿದರು. ಮೊದಲ ವರ್ಷ ಫಾರ್ಮುಲಾ 5000 ಎಂಬ ವರ್ಗದ ರೇಸ್ ಕಾರುಗಳು ಓಡಿದವು, ಬ್ರಯನ್ ರೆಡ್‌ಮನ್ ಗೆದ್ದರು. 1976ರಿಂದ 1983ರವರೆಗೆ ಫಾರ್ಮುಲಾ ಒನ್ ಇಲ್ಲಿಗೆ ಬರುತ್ತಿತ್ತು. 1983ರಲ್ಲಿ ಜಾನ್ ವಾಟ್ಸನ್ 22ನೆಯ ಸ್ಥಾನದಿಂದ ಹೊರಟು ಗೆದ್ದದ್ದು ಇಂದಿಗೂ ಅಳಿಯದ ದಾಖಲೆ. 1984ರಿಂದ ಮುಖ್ಯ ರೇಸು ಇಂಡಿಕಾರ್ ಮಾದರಿಯ ಕಾರುಗಳದೇ. ಐವತ್ತು ವರ್ಷ ಒಂದು ಊರು ತನ್ನ ಬೀದಿಗಳನ್ನು ಹೀಗೆ ಬಿಟ್ಟುಕೊಡುತ್ತ ಬಂದಿದೆಯೆಂದರೆ ಅದು ಸಣ್ಣ ಮಾತಲ್ಲ, ಬರುವವರು ಅದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ನಮಗೆ ನಿಜವಾಗಿ ಕಿರಿಕಿರಿಯಾಗುವುದು ರೇಸ್ ಕಾರುಗಳ ಸದ್ದಿನಿಂದಲ್ಲ, ಅದು ಸಂಜೆಗೆ ನಿಂತುಹೋಗುತ್ತದೆ. ರಾತ್ರಿ ಹನ್ನೊಂದರವರೆಗೆ ಓಷನ್ ಬೂಲೆವಾರ್ಡಿನಲ್ಲಿ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಎಂಜಿನ್ ಅಬ್ಬರಿಸುತ್ತ ಹೋಗುವ ಪ್ರೇಕ್ಷಕರ ಕಾರುಗಳಿಂದ. ಪಾರ್ಕಿಂಗ್ ಕಟ್ಟಡದೊಳಗೆ ಒಬ್ಬರು ಎಕ್ಸಿಲರೇಟರ್ ಒತ್ತಿದರೆ ಪಕ್ಕದ ಅಪಾರ್ಟ್‌ಮೆಂಟಿನ ಕಿಟಕಿಗಳೆಲ್ಲ ಅದುರುತ್ತವೆ. ನಿದ್ದೆಗೆ ಹಾಕಿದ ಮಕ್ಕಳು ಎದ್ದು ಅಳುತ್ತವೆ. ಕ್ಯಾಲಿಫೋರ್ನಿಯಾದ ಕಾನೂನಿನಂತೆ ಇಂಥ ಕಾರುಗಳ ಎಕ್ಸಾಸ್ಟ್ ಸದ್ದು 95 ಡೆಸಿಬಲ್ ಮೀರುವಂತಿಲ್ಲ, ಸಾರ್ವಜನಿಕ ರಸ್ತೆಯಲ್ಲಿ ವೇಗದ ಪ್ರದರ್ಶನ ಮಾಡುವುದೂ ಅಪರಾಧವೇ. ಪೈಪೋಟಿಗೆ ಓಡಿಸಿ ಸಿಕ್ಕಿಬಿದ್ದರೆ ಕಾರನ್ನು 30 ದಿನ ವಶದಲ್ಲಿಡಬಹುದು. ಅಂದು ಪೊಲೀಸರು ಮೂಲೆಮೂಲೆಯಲ್ಲೂ ಇರುತ್ತಾರೆ. ಅನೇಕ ಸ್ಪೋರ್ಟ್ಸ್ ಕಾರ್ ಮಾಲೀಕರು ಅಂದಕ್ಕೆಂದು ಮುಂದಿನ ನಂಬರ್ ಪ್ಲೇಟನ್ನು ಹಾಕಿರುವುದಿಲ್ಲ. ಇಲ್ಲಿ ಅದೂ ಕಡ್ಡಾಯವಾದ್ದರಿಂದ ಹೊರಡುವ ಮುನ್ನ ಹಾಕಿಕೊಳ್ಳಿ.

ದಾರಿಯ ಬಗ್ಗೆ ಒಂದು ಮಾತು. ಹಲವರು ಮ್ಯಾಪಿನ ಹಳೆಯ ಅಭ್ಯಾಸದಿಂದ 710 ಫ್ರೀವೇ ಹಿಡಿದು ಬಂದುಬಿಡುತ್ತಾರೆ. ಅದರ ಕೊನೆ ಸೇರುವುದು ಶೋರ್‌ಲೈನ್ ಡ್ರೈವಿಗೆ, ಅಂದು ಅದೇ ರೇಸಿನ ಹಾದಿ. ವಾಹನಗಳನ್ನೆಲ್ಲ ಬೇರೆಡೆಗೆ ತಿರುಗಿಸುವುದರಿಂದ ಉದ್ದನೆಯ ಸಾಲು ನಿಲ್ಲುತ್ತದೆ. ಇರ್ವೈನ್‌ನಿಂದ ಬರುವವರು 405ರಿಂದ 22ಕ್ಕೆ ತಿರುಗಿ ಸೆವೆಂತ್ ಸ್ಟ್ರೀಟ್ ಮೂಲಕ ಪೂರ್ವದ ಕಡೆಯಿಂದ ಊರೊಳಗೆ ಬರುವುದು ಒಳ್ಳೆಯದು. ಸಿಗ್ನಲ್ಲುಗಳು ಹೆಚ್ಚಿದ್ದರೂ ನಿಲ್ಲದೆ ಸಾಗುತ್ತಿರಬಹುದು. ಕೊರಾಲ್‌ನ ಜಾಗ, ಒಳಹೋಗುವ ಗೇಟು, ಗೇಟು ಮುಚ್ಚುವ ವೇಳೆ ಇವನ್ನು ಕ್ಲಬ್ಬಿನವರು ಆ ವರ್ಷದ ಏರ್ಪಾಡಿಗೆ ತಕ್ಕಂತೆ ತಿಳಿಸುತ್ತಾರೆ, ಅವರ ಪತ್ರವನ್ನು ಮುದ್ರಿಸಿ ಕೈಯಲ್ಲಿಟ್ಟುಕೊಳ್ಳಿ. ಭಾನುವಾರ ವ್ಯಾನನ್ನು ಊರೊಳಗೆ ತರಲೇಬೇಡಿ. ವಿಲ್ಲೋ ಸ್ಟ್ರೀಟ್ ನಿಲ್ದಾಣದಲ್ಲಿ ನಿಲ್ಲಿಸಿ ಮೆಟ್ರೋದ ಎ ಲೈನ್ ರೈಲು ಹತ್ತಿದರೆ ಡೌನ್‌ಟೌನ್ ಲಾಂಗ್ ಬೀಚ್‌ನಲ್ಲಿ ಇಳಿಯಬಹುದು, ಅಲ್ಲಿಂದ ಟ್ರ್ಯಾಕು ಕೆಲವೇ ಬೀದಿಗಳಾಚೆ. ತಂದೆಯವರಿಗೆ ಮೇಲ್ಸೇತುವೆಗಳ ಮೆಟ್ಟಿಲು ಕಷ್ಟವಾಗಬಹುದು. ಟಿಕೆಟ್ ಕೊಳ್ಳುವಾಗಲೇ ಕೇಳಿದರೆ ನಡೆಯಲು ತೊಂದರೆ ಇರುವವರಿಗೆಂದು ಮೀಸಲಿಟ್ಟ ಆಸನಗಳನ್ನು ಕೊಡುತ್ತಾರೆ. ಕೇಳಲು ಸಂಕೋಚ ಬೇಡ.

ಉತ್ತರ: ಇಂದಿರಾನಗರದಿಂದ

ನಾನು ಬೆಂಗಳೂರಿನವನು, ಲಾಂಗ್ ಬೀಚ್ ನೋಡಿಲ್ಲ. ಆದರೆ 2024ರ ಆಗಸ್ಟ್ 31 ಮತ್ತು ಸೆಪ್ಟೆಂಬರ್ 1ರಂದು ಚೆನ್ನೈನ ಐಲೆಂಡ್ ಗ್ರೌಂಡ್ಸ್ ಸುತ್ತಲಿನ ಬೀದಿಗಳಲ್ಲಿ ನಡೆದ ರಾತ್ರಿ ರೇಸಿಗೆ ನಾವು ಕೆಲವು ಸ್ನೇಹಿತರು ನಮ್ಮ ಕಾರುಗಳಲ್ಲೇ ಹೋಗಿದ್ದೆವು. ನಿಮ್ಮ ಪ್ರಶ್ನೆ ನಮ್ಮದೂ ಆಗಿತ್ತು, ಆದ್ದರಿಂದ ಬರೆಯುತ್ತಿದ್ದೇನೆ.

ಅಲ್ಲಿನ ಸರ್ಕ್ಯೂಟು 3.5 ಕಿಲೋಮೀಟರು, 19 ತಿರುವುಗಳು. ಅಣ್ಣಾ ಸಾಲೈ, ನೇಪಿಯರ್ ಸೇತುವೆಯ ಸುತ್ತಮುತ್ತ, ಹಗಲೆಲ್ಲ ಬಸ್ಸು, ಆಟೋಗಳಿಂದ ತುಂಬಿರುವ ದಾರಿಗಳಲ್ಲಿ ದೀಪದ ಬೆಳಕಿನಲ್ಲಿ ಫಾರ್ಮುಲಾ 4 ಕಾರುಗಳು ಓಡಿದವು. ಶನಿವಾರ ಮಳೆ ಬಂತು, ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಐಎಯ ಸುರಕ್ಷತಾ ಪ್ರಮಾಣಪತ್ರವೂ ತಡವಾಗಿ ದೊರೆಯಿತು. ಹೀಗಾಗಿ ಆ ಸಂಜೆ ಬಹಳ ಹೊತ್ತು ಕಾಯಬೇಕಾಯಿತು. ಬೀದಿ ಸರ್ಕ್ಯೂಟಿನಲ್ಲಿ ಇಂಥ ಕಾಯುವಿಕೆ ಇರುವುದೇ. ಲಾಸ್ ವೇಗಸ್‌ನಲ್ಲಿ 2023ರಲ್ಲಿ ಮೊದಲ ಅಭ್ಯಾಸ ಆರಂಭವಾದ ಕೆಲವೇ ನಿಮಿಷಗಳಲ್ಲಿ ರಸ್ತೆಯಲ್ಲಿನ ನೀರಿನ ಕವಾಟದ ಮುಚ್ಚಳವೊಂದು ಕಳಚಿ ಕಾರ್ಲೋಸ್ ಸೈನ್ಜ್ ಅವರ ಫೆರಾರಿಯ ತಳವನ್ನೇ ಸೀಳಿತ್ತು, ಅಭ್ಯಾಸ ಅಲ್ಲಿಗೇ ನಿಂತಿತು. ರೇಸಿಗೆಂದು ಕಟ್ಟಿದ ಟ್ರ್ಯಾಕಿನಲ್ಲಿ ಮ್ಯಾನ್‌ಹೋಲುಗಳಿರುವುದಿಲ್ಲ. ಊರ ರಸ್ತೆಯಲ್ಲಿ ಇರುತ್ತವೆ, ಒಂದೊಂದನ್ನೂ ಪರೀಕ್ಷಿಸಿ ಭದ್ರಪಡಿಸಬೇಕು. ಆದ್ದರಿಂದ ವಯಸ್ಸಾದವರನ್ನೂ ಮಕ್ಕಳನ್ನೂ ಕರೆದೊಯ್ಯುವವರು ನೆರಳು, ನೀರು, ತಿನಿಸಿನ ಏರ್ಪಾಡನ್ನು ಮೊದಲೇ ಮಾಡಿಕೊಂಡು, ವೇಳಾಪಟ್ಟಿ ಜಾರುತ್ತದೆ ಎಂಬ ತಿಳಿವಳಿಕೆಯಿಂದಲೇ ಹೊರಡಬೇಕು.

ಚೆನ್ನೈನಲ್ಲಿ ಕೊರಾಲ್‌ನಂಥ ವ್ಯವಸ್ಥೆಯನ್ನು ನಾವು ಕಾಣಲಿಲ್ಲ. ಕಾರುಗಳನ್ನು ತಂಗಿದ್ದ ಹೋಟೆಲಿನಲ್ಲೇ ಬಿಟ್ಟು ಮೆಟ್ರೋದಲ್ಲಿ ಹೋದೆವು. ನಮ್ಮಲ್ಲಿ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಒಬ್ಬರನ್ನೊಬ್ಬರು ಕಾಣುವುದು ಭಾನುವಾರದ ಮುಂಜಾನೆ ನಂದಿ ಬೆಟ್ಟದ ದಾರಿಯ ಉಪಾಹಾರದಲ್ಲಿ, ಇಲ್ಲವೇ ಶ್ರೀಪೆರಂಬುದೂರಿನ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿನ ದಿನಗಳಲ್ಲಿ. ರೇಸ್ ನಡೆಯುವ ಊರೇ ಮಾಲೀಕರಿಗೆಂದು ಒಂದು ಅಂಗಳ ಬಿಟ್ಟುಕೊಟ್ಟು, ಹಳೆಯ ಕಾರಿನವರೂ ಹೊಸ ಕಾರಿನವರೂ ಒಂದೇ ಸಾಲಿನಲ್ಲಿ ನಿಲ್ಲುವಂತೆ ಮಾಡುವ ಪದ್ಧತಿ ನಮ್ಮಲ್ಲೂ ಬರಬೇಕೆಂದು ನನಗೆ ಬಲವಾಗಿ ಅನಿಸುತ್ತದೆ. ಹೈದರಾಬಾದಿನಲ್ಲಿ ಹುಸೇನ್ ಸಾಗರದ ಬಳಿ 2023ರ ಫೆಬ್ರವರಿಯಲ್ಲಿ ವಿದ್ಯುತ್ ಕಾರುಗಳ ಫಾರ್ಮುಲಾ ಇ ರೇಸು ನಡೆಯಿತು, ಮರುವರ್ಷದ್ದು ರದ್ದಾಯಿತು. ಹೀಗೆ ಬಂದು ಹೋಗುವ ರೇಸುಗಳಿಂದ ಅಂಥ ಬಳಗ ಬೆಳೆಯುವುದಿಲ್ಲ. ಒಂದೇ ಊರಲ್ಲಿ, ಅದೇ ತಿಂಗಳಲ್ಲಿ, ವರ್ಷವರ್ಷವೂ ನಡೆದರೆ ಮಾತ್ರ ಬೆಳೆಯುತ್ತದೆ. ನಿಮಗೆ ಅದು ಮನೆಯಿಂದ ಒಂದು ಗಂಟೆಯೊಳಗಿನ ದೂರದಲ್ಲಿದೆ. ಬಿಡಬೇಡಿ.

ಇರ್ವೈನ್ ಕೇಮನ್

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಶನಿವಾರ ತಂದೆಯವರೊಂದಿಗೆ ಕೇಮನ್‌ನಲ್ಲಿ, ಭಾನುವಾರ ಎಲ್ಲರೂ ವಿಲ್ಲೋ ಸ್ಟ್ರೀಟಿನಿಂದ ರೈಲಿನಲ್ಲಿ ಎಂದು ನಿರ್ಧರಿಸಿದ್ದೇವೆ. 9ನೆಯ ತಿರುವಿನ ಬಗ್ಗೆ ಓದಿ ಹೇಳಿದಾಗ ತಂದೆಯವರು ಅಲ್ಲಿಗೇ ಮೊದಲು ಹೋಗೋಣ ಎಂದರು. ಇನ್ನು ಉಳಿದಿರುವುದು ಕಾರಿನ ವಿಷಯ. ಗೇಟಿನ ಬಳಿ ಸಾಲಿನಲ್ಲಿ ಬಹಳ ಹೊತ್ತು ತೆವಳಬೇಕಾದರೆ ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆಯೇ? ನನ್ನದು ಪಿಡಿಕೆ, ಅಂದರೆ ತಾನೇ ಗೇರು ಬದಲಿಸುವ ಪೋರ್ಷೆಯ ಗೇರ್‌ಬಾಕ್ಸು. ಅಂಗಳದ ಪ್ರವೇಶದಲ್ಲಿ ಉಬ್ಬುಗಳಿದ್ದರೆ ಮುಂದಿನ ಬಂಪರಿನ ಕೆಳತುಟಿ ನೆಲಕ್ಕೆ ತಾಗದಂತೆ ಏನು ಮಾಡಬೇಕು? ಕ್ಲಬ್ಬಿನವರು ಅವಕಾಶ ಸಿಕ್ಕರೆ ಸರ್ಕ್ಯೂಟಿನ ಮೇಲೆ ಸದಸ್ಯರ ಕಾರುಗಳ ಪೆರೇಡ್ ಸುತ್ತು ಇರಬಹುದು ಎಂದೂ ಬರೆದಿದ್ದಾರೆ. ಜೊತೆಗೆ ಮಗಳ ಕಿವಿಗಳ ಚಿಂತೆಯೂ ಇದೆ.

ಉತ್ತರ: ಟಾರನ್ಸ್ ಗ್ಯಾರೇಜ್

ಜರ್ಮನ್ ಕಾರುಗಳ ದುರಸ್ತಿಯೇ ನನ್ನ ಉದ್ಯೋಗವಾದ್ದರಿಂದ ಈ ಪ್ರಶ್ನೆಗಳಿಗೆ ಉತ್ತರಿಸುತ್ತೇನೆ.

ನಿಮ್ಮ ಕೇಮನ್‌ನ ಎಂಜಿನ್ ನಡುವೆ ಇದ್ದರೂ ರೇಡಿಯೇಟರುಗಳು ಮುಂದಿನ ಬಂಪರಿನ ಎಡಬಲ ಬಾಯಿಗಳ ಹಿಂದಿವೆ. ನೀರು ಅಲ್ಲಿಯವರೆಗೆ ಹೋಗಿ ತಣಿದು ಹಿಂದಿರುಗುತ್ತದೆ. ಆ ಬಾಯಿಗಳು ನೆಲಕ್ಕೆ ಹತ್ತಿರವಾಗಿರುವುದರಿಂದ ಒಣ ಎಲೆ, ಕಾಗದದ ಚೂರು, ಹೆದ್ದಾರಿಯ ಕಸವೆಲ್ಲ ಒಳಸೇರಿ ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಬೆರಳಗಲದ ಸಂದಿಯಲ್ಲಿ ಹಾಸಿನಂತೆ ಕೂರುತ್ತದೆ. ಕಾರು ಓಡುತ್ತಿರುವಾಗ ಇದರ ಪರಿಣಾಮ ತಿಳಿಯುವುದಿಲ್ಲ, ನಿಂತು ನಿಂತು ಸಾಗುವಾಗ ತಿಳಿಯುತ್ತದೆ. ಟಾರ್ಚ್ ಹಿಡಿದು ಬಾಯಿಯೊಳಗೆ ಇಣುಕಿ ನೋಡಿ. ಮೇಲುಮೇಲಿನ ಕಸವನ್ನು ವ್ಯಾಕ್ಯೂಮಿನ ಸಣ್ಣ ಕೊಳವೆಯಿಂದ ಎಳೆಯಬಹುದು. ಸಂದಿಯಲ್ಲಿ ಕೂತದ್ದಕ್ಕೆ ಬಂಪರ್ ಬಿಚ್ಚಲೇಬೇಕು. ಹನ್ನೆರಡು ವರ್ಷ ಹಳೆಯ ಕಾರಿನಲ್ಲಿ ಅದನ್ನು ಒಮ್ಮೆ ಮಾಡಿಸುವುದು ಖರ್ಚಿಗೆ ತಕ್ಕ ಕೆಲಸ. ಬಳಿಕ ಕಾರನ್ನು ನಿಲ್ಲಿಸಿ ಎಸಿ ಹಾಕಿ, ಎರಡೂ ಬದಿಯ ಫ್ಯಾನುಗಳು ತಿರುಗುವ ಸದ್ದು ಕೇಳುತ್ತದೆಯೇ ಎಂದು ಗಮನಿಸಿ. ಎರಡೂ ಸರಿಯಿದ್ದರೆ ಏಪ್ರಿಲ್‌ನ ಕಡಲ ಗಾಳಿಯಲ್ಲಿ ಆ ಎಂಜಿನ್ ಅತಿಯಾಗಿ ಬಿಸಿಯಾಗುವುದಿಲ್ಲ. ಉಷ್ಣತೆಯ ಸೂಚಕ ಸ್ವಲ್ಪ ಮೇಲೇರಿ ಅಲ್ಲೇ ನಿಂತರೆ ಗಾಬರಿಪಡಬೇಕಾಗಿಲ್ಲ.

ಪಿಡಿಕೆಯಲ್ಲಿ ಕ್ಲಚ್ ಪೆಡಲ್ ಇಲ್ಲದಿದ್ದರೂ ಒಳಗೆ ಕ್ಲಚ್‌ಗಳು ಇವೆ. ಬ್ರೇಕನ್ನು ಅರೆಬರೆ ಬಿಟ್ಟು ಅಂಗುಲ ಅಂಗುಲವಾಗಿ ಜರುಗುತ್ತಿದ್ದರೆ ಅವು ಜಾರುತ್ತ ಬಿಸಿಯಾಗುತ್ತವೆ. ಮುಂದಿನ ಕಾರು ಎರಡು ಕಾರಿನಷ್ಟು ದೂರ ಹೋಗುವವರೆಗೆ ಬ್ರೇಕು ಪೂರ್ತಿ ಒತ್ತಿ ನಿಂತು, ಆಮೇಲೆ ಒಮ್ಮೆಗೆ ಸಾಗಿ ಮತ್ತೆ ನಿಲ್ಲಿ. ಉಬ್ಬುಗಳನ್ನೂ ಇಳಿಜಾರು ಮುಗಿಯುವ ಅಂಚುಗಳನ್ನೂ ನೇರವಾಗಿ ದಾಟದೆ ಓರೆಯಾಗಿ, ಒಂದು ಚಕ್ರದ ನಂತರ ಮತ್ತೊಂದು ಚಕ್ರ ಏರುವಂತೆ ದಾಟಿದರೆ ತುಟಿ ಉಳಿಯುತ್ತದೆ. ಹಿಂದಿನವರು ಕಾಯಲಿ, ಕೊರಾಲ್‌ಗೆ ಬರುವವರಿಗೆಲ್ಲ ಇದು ಗೊತ್ತಿರುತ್ತದೆ. ಬೆಳಗಿನ ಕಡಲ ಮಂಜಿಗೆ ಕಾರಿನ ಮೈ ತೇವವಾಗಿ ಮೇಲೆ ಧೂಳು ಕೂರುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಬಣ್ಣದ ಮೇಲೆ ಗೀರು ಬೀಳುತ್ತದೆ. ಹಾಗೇ ಬಿಟ್ಟು, ಮನೆಗೆ ಬಂದು ನೀರು ಹಾಯಿಸಿ ತೊಳೆಯಿರಿ.

ಪೆರೇಡ್ ಸುತ್ತು ಸಿಕ್ಕರೆ ಖಂಡಿತ ಹೋಗಿ. ಮುಂದೊಂದು ಕಾರು ದಾರಿ ತೋರುತ್ತ ಸಾಗುತ್ತದೆ, ವೇಗ ಕಡಿಮೆ, ಹಿಂದಿಕ್ಕುವಂತಿಲ್ಲ. ಆದರೆ ಬಹುತೇಕ ವಿಮಾ ಪಾಲಿಸಿಗಳು ರೇಸಿನಲ್ಲಿ, ಕೆಲವು ಪಾಲಿಸಿಗಳು ರೇಸ್ ಟ್ರ್ಯಾಕಿನ ಮೇಲೆ ಹೇಗೆ ಓಡಿಸಿದರೂ, ಆದ ಹಾನಿಯನ್ನು ಭರಿಸುವುದಿಲ್ಲ. ವಿಮಾ ಕಂಪನಿಗೆ ಮೊದಲೇ ಬರೆದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಕಾಂಕ್ರೀಟ್ ಗೋಡೆಗಳ ನಡುವೆ ತಪ್ಪಿಗೆ ಜಾಗವಿಲ್ಲ ಎಂಬುದನ್ನು ಹೊರಗೆ ಕುಳಿತು ನೋಡುವಾಗ ಊಹಿಸಲಾಗದು. ಒಳಗೆ ಕುಳಿತು ಮುಂದಿನ ಗಾಜಿನಿಂದ ನೋಡಿದರೆ ಹೇರ್‌ಪಿನ್ನಿನಲ್ಲಿ ದಾರಿಯೇ ಮುಗಿದಂತೆ ಕಾಣುತ್ತದೆ. ತಂದೆಯವರೂ ಅದನ್ನು ಪಕ್ಕದ ಸೀಟಿನಿಂದ ನೋಡಲಿ.

ಕಿವಿಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯಾದ ನಿಯೋಶ್‌ನ ಶಿಫಾರಸಿನಂತೆ 85 ಡೆಸಿಬಲ್ ಸದ್ದಿನಲ್ಲಿ ಎಂಟು ಗಂಟೆ ಇರಬಹುದು. ಮುಂದೆ ಪ್ರತಿ 3 ಡೆಸಿಬಲ್ಲಿಗೆ ಅವಧಿ ಅರ್ಧವಾಗುತ್ತ 100 ಡೆಸಿಬಲ್ಲಿನಲ್ಲಿ ಬರೀ 15 ನಿಮಿಷಕ್ಕೆ ಇಳಿಯುತ್ತದೆ. ಗೋಡೆಗೆ ಹತ್ತಿರ ಕುಳಿತರೆ ರೇಸ್ ಕಾರುಗಳ ಸದ್ದು ಅದನ್ನೂ ಮೀರುತ್ತದೆ, ಎತ್ತರದ ಕಟ್ಟಡಗಳ ನಡುವೆ ಪ್ರತಿಧ್ವನಿಯೂ ಸೇರುತ್ತದೆ. ಮಗಳಿಗೆ ಮೃದುವಾದ ಇಯರ್ ಪ್ಲಗ್ ಹಾಕಿ ಅದರ ಮೇಲೆ ಇಯರ್ ಮಫ್ ಕೂಡ ಹಾಕಿ. ಮನೆಯಲ್ಲೇ ಒಂದೆರಡು ದಿನ ಹಾಕಿಸಿ ಅಭ್ಯಾಸ ಮಾಡಿಸಿದರೆ ಅಲ್ಲಿ ಕಿತ್ತು ತೆಗೆಯುವುದಿಲ್ಲ. ವರ್ಕ್‌ಶಾಪಿನಲ್ಲಿ ದುಡಿದವರ ಕಿವಿ ಆಗಲೇ ಸಾಕಷ್ಟು ಸವೆದಿರುತ್ತದೆ. ತಂದೆಯವರು ನನಗೆ ಬೇಡ ಎನ್ನುತ್ತಾರೆ, ಬಿಡದೆ ಹಾಕಿಸಿ.